ಬದಲಾವಣೆಗೆ ಕಾರಣ ಕೊಡಬೇಕಾದವರು ಯಾರು?

ಬಹುಕಾಲದಿಂದ ನಡೆದುಬಂದ ಪದ್ಧತಿಯೊಂದು ಬೇಡವೆಂದು ಸಾಬೀತುಪಡಿಸುವ ಹೊಣೆ ಬದಲಾವಣೆ ಕೇಳುವವರ ಮೇಲೆಯೇ ಇರಬೇಕೆ?

ಪರ

ಇರಬೇಕು. ಫ್ರಾನ್ಸಿನ ಕ್ರಾಂತಿಯನ್ನು ಕುರಿತು 1790ರಲ್ಲಿ ಬರೆದ ಬ್ರಿಟಿಷ್ ರಾಜಕಾರಣಿ, ಚಿಂತಕ ಎಡ್ಮಂಡ್ ಬರ್ಕ್, ಸಮಾಜವೆಂಬುದು ಬದುಕಿರುವವರು ಮಾತ್ರ ಮಾಡಿಕೊಂಡ ಒಪ್ಪಂದವಲ್ಲ, ಗತಿಸಿದವರೂ ಇನ್ನು ಹುಟ್ಟಲಿರುವವರೂ ಅದರಲ್ಲಿ ಪಾಲುದಾರರು ಎಂದು ವಾದಿಸಿದರು. ಇದನ್ನು ಹಳತಿನ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ನನಗೆ ಅದರಲ್ಲಿ ಕಾಣುವುದು ವಿನಯ. ಒಂದು ಪದ್ಧತಿ ಯಾಕೆ ಉಳಿದುಬಂದಿದೆ ಎಂಬುದು ಅದನ್ನು ಪಾಲಿಸುವವರಿಗೂ ಎಷ್ಟೋ ವೇಳೆ ಗೊತ್ತಿರುವುದಿಲ್ಲ, ಅದನ್ನು ಕಿತ್ತುಹಾಕಿದ ಮೇಲೆ ಗೊತ್ತಾಗುತ್ತದೆ.

1793ರಲ್ಲಿ ಕ್ರಾಂತಿಕಾರಿಗಳು ಕ್ಯಾಲೆಂಡರನ್ನೇ ಬದಲಿಸಿದರು. ಏಳು ದಿನಗಳ ವಾರ ಹೋಗಿ ಹತ್ತು ದಿನಗಳದ್ದು ಬಂತು. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ ಎಂದಾಯಿತು. ಲೆಕ್ಕಕ್ಕೆ ಬಹಳ ಚೊಕ್ಕ. ಆದರೆ ಏಳನೆಯ ದಿನಕ್ಕೆ ಸಿಗುತ್ತಿದ್ದ ಬಿಡುವು ದುಡಿಯುವವನಿಗೆ ಹತ್ತನೆಯ ದಿನಕ್ಕೆ ಸರಿಯಿತು. ಭಾನುವಾರವೆಂದರೆ ಅವನಿಗೆ ಪ್ರಾರ್ಥನೆಯೊಂದೇ ಆಗಿರಲಿಲ್ಲ. ದಣಿದ ಮೈಯನ್ನು ನೆಲಕ್ಕೆ ಚಾಚುವ, ನೆಂಟರಿಷ್ಟರ ಮುಖ ನೋಡುವ ದಿನವೂ ಅದೇ. ಹತ್ತು ಗಂಟೆಯ ಗಡಿಯಾರದ ಕಡ್ಡಾಯವನ್ನು 1795ರಲ್ಲೇ ಕೈಬಿಡಬೇಕಾಯಿತು, 1806ರ ಜನವರಿ 1ರಂದು ಹಳೆಯ ಕ್ಯಾಲೆಂಡರೇ ಮರಳಿತು.

ಹೀಗೆನ್ನುವುದು ಬದಲಾವಣೆಯನ್ನೇ ಬೇಡವೆಂದಂತಲ್ಲ. ಅಮೆರಿಕದ ವಸಾಹತುಗಳ ಅಹವಾಲಿನ ಪರವಾಗಿ ಬ್ರಿಟಿಷ್ ಸಂಸತ್ತಿನಲ್ಲಿ ಗಟ್ಟಿಯಾಗಿ ಮಾತನಾಡಿದವರೂ ಇದೇ ಬರ್ಕ್. ನೋವು ಎಲ್ಲಿದೆಯೆಂದು ತೋರಿಸಿ, ಅಲ್ಲಿ ಮಾತ್ರ ಕೈಯಿಡಿ ಎನ್ನುವುದಷ್ಟೇ ಬೇಡಿಕೆ.

ವಿರೋಧ

ಕ್ಯಾಲೆಂಡರಿನ ಕಥೆ ಹೇಳುವವರು ಮೀಟರಿನ ಕಥೆಯನ್ನು ಬಿಟ್ಟುಬಿಡುತ್ತಾರೆ. ಅದೂ ಅದೇ ಕ್ರಾಂತಿಯ ಕೂಸು. 1795ರ ಕಾನೂನಿನಿಂದ ಬಂದದ್ದು. ಅದಕ್ಕೆ ಮೊದಲು ಅಳತೆಗಳು ಊರಿಂದ ಊರಿಗೆ ಬೇರೆಯಾಗಿದ್ದವು, ರೈತ ಕೊಡಬೇಕಾದ ಧಾನ್ಯವನ್ನು ಎಷ್ಟೋ ಕಡೆ ಜಮೀನುದಾರನ ಕೊಳಗದಲ್ಲೇ ಅಳೆಯಲಾಗುತ್ತಿತ್ತು. ಎಲ್ಲರಿಗೂ ಒಂದೇ ಅಳತೆಯಿರಲಿ ಎಂಬ ಮೊರೆ ಕ್ರಾಂತಿಗೆ ಮುನ್ನ ಜನ ರಾಜನಿಗೆ ಸಲ್ಲಿಸಿದ 1789ರ ದೂರುಪಟ್ಟಿಗಳಲ್ಲಿಯೇ ಇದೆ. ಜನ ಹೊಸ ಅಳತೆಗೆ ಒಗ್ಗಲಿಲ್ಲವೆಂದು 1812ರಲ್ಲಿ ನೆಪೋಲಿಯನ್ ಹಳೆಯ ಹೆಸರುಗಳಿಗೆ ಮತ್ತೆ ಅವಕಾಶ ಕೊಟ್ಟ. ಮೀಟರ್ ಪದ್ಧತಿ ಪೂರ್ತಿ ಕಡ್ಡಾಯವಾದದ್ದು 1840ರಲ್ಲಿ. ಅಂದಮೇಲೆ ಮೊದಲ ಕೆಲವು ವರ್ಷಗಳ ತೊಡಕನ್ನೇ ತೀರ್ಪೆಂದು ಹಿಡಿಯುವುದು ಹೇಗೆ?

ಸಾಹಿತ್ಯದಲ್ಲೂ ಇದೇ ಮಾತು. ಹೆಂಗಸರ ಬರಹವನ್ನು ಹಗುರವಾಗಿ ಕಾಣುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೇರಿ ಆನ್ ಇವಾನ್ಸ್ ಕಾದಂಬರಿ ಬರೆದಾಗ ಜಾರ್ಜ್ ಎಲಿಯಟ್ ಎಂಬ ಗಂಡಸಿನ ಹೆಸರನ್ನು ಹೊದ್ದುಕೊಳ್ಳಬೇಕಾಯಿತು. ಇಂದು ಇಂಗ್ಲಿಷ್ ಸಾಹಿತ್ಯ ಪರಂಪರೆಯ ಹೆಮ್ಮೆಗಳಲ್ಲಿ ಅವರೂ ಒಬ್ಬರು.

ಆದರೆ ನನ್ನ ಮುಖ್ಯ ತಕರಾರು ಬೇರೆ. ಸಾಬೀತುಪಡಿಸಿ ಎನ್ನುವಾಗ, ಯಾರ ಮುಂದೆ ಎಂದು ಕೇಳಲೇಬೇಕು. ಪದ್ಧತಿಯಿಂದ ಲಾಭ ಪಡೆಯುವವರೇ ನ್ಯಾಯಾಧೀಶರ ಪೀಠದಲ್ಲಿರುತ್ತಾರೆ, ನೋಯುವವರಿಗೆ ಸಾಕ್ಷಿ ಹೇಳುವ ಹಕ್ಕೂ ಇರುವುದಿಲ್ಲ. ಗುಲಾಮಗಿರಿಯ ಬೆನ್ನಿಗೆ ಪ್ರಾಚೀನತೆಯಿತ್ತು, ಆಸ್ತಿಯ ಕಾನೂನಿತ್ತು. ಫ್ರಾನ್ಸ್ 1794ರಲ್ಲಿ ಅದನ್ನು ರದ್ದುಪಡಿಸಿತು. ವಸಾಹತುಗಳ ವ್ಯಾಪಾರ ಕೆಡುತ್ತದೆಂದು 1802ರಲ್ಲಿ ಮರಳಿ ತಂದಿತು. ಎಂಟು ವರ್ಷ ಸ್ವತಂತ್ರರಾಗಿದ್ದ, ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಗ್ವಾಡೆಲೂಪ್ ದ್ವೀಪದ ಜನರ ಕೊರಳಿಗೆ ನೊಗ ಮತ್ತೆ ಬಿತ್ತು. 1848ರವರೆಗೆ, ಅಂದರೆ ಇನ್ನೂ 46 ವರ್ಷ, ಅಲ್ಲಿನ ಗುಲಾಮ ತಾಯಂದಿರು ಹೆತ್ತ ಮಕ್ಕಳು ಒಡೆಯನ ಆಸ್ತಿಯಾಗಿಯೇ ಹುಟ್ಟಿದರು.