ಯುದ್ಧ ಮುಗಿದರೂ ವಾಪಸ್ ಕೊಡದ ಹಕ್ಕುಗಳು

"ಯುದ್ಧದ ಹೊತ್ತಲ್ಲಿ ಸರ್ಕಾರವನ್ನು ಪ್ರಶ್ನೆ ಮಾಡುವವರನ್ನು ಮೊದಲು ಒಳಗೆ ಹಾಕಬೇಕು." 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕದನ ನಡೆಯುತ್ತಿದ್ದಾಗ ನಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಬರೆದವರು ನನಗೆ ಬೇಕಾದ ಅಣ್ಣನೇ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಪೇಟೆಯಲ್ಲಿ ಸಿಕ್ಕಿದರೆ ಚಹಾ ಕುಡಿಸದೆ ಬಿಡುವವರಲ್ಲ. ಸಿಟ್ಟಿನಲ್ಲಿ ಬರೆದದ್ದೂ ಅಲ್ಲ, ನಂಬಿ ಬರೆದದ್ದು. ಕೆಳಗೆ ಸಾಲು ಸಾಲು ಹೆಬ್ಬೆಟ್ಟು. ಅಲ್ಲಿ ವಾದ ಮಾಡಿದರೆ ಜಗಳವೇ ಆಗುತ್ತದೆ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಯುದ್ಧದಲ್ಲಿ ಕೆಲವು ಕಟ್ಟುಪಾಡು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. 2008ರ ಮುಂಬೈ ದಾಳಿಯಲ್ಲಿ ಕಮಾಂಡೋಗಳ ಕಾರ್ಯಾಚರಣೆಯನ್ನು ಟೀವಿಯವರು ನೇರಪ್ರಸಾರ ಮಾಡಿದರು. ಗಡಿಯಾಚೆ ಕೂತವರು ಅದನ್ನೇ ನೋಡಿ ಇಲ್ಲಿದ್ದ ಉಗ್ರರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದರು. ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕಾಗಿ ಚಾನೆಲ್‌ಗಳಿಗೆ ಚೆನ್ನಾಗಿಯೇ ಬಿಸಿ ಮುಟ್ಟಿಸಿದೆ. ಹಾಗಾಗಿ 2025ರ ಏಪ್ರಿಲ್ 26ರಂದು ಸೇನೆಯ ಓಡಾಟವನ್ನು ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಮೇ 7ರ ಮಾಕ್ ಡ್ರಿಲ್‌ನಲ್ಲಿ ಸೈರನ್ ಕೂಗಿದರೆ ಲೈಟ್ ಆರಿಸಿ ಅಂದರು, ಆರಿಸಿದೆವು. (ನಮ್ಮ ಗ್ರೂಪಿಗೆ ಆ ಮೆಸೇಜ್ ಬಂದದ್ದು ಮಲಯಾಳದಲ್ಲಿ ಮಾತ್ರ. ಪಕ್ಕದ ಮನೆಯ ಅಜ್ಜಿಗೆ ನಾನೇ ಹೋಗಿ ಹೇಳಬೇಕಾಯಿತು. ಗಡಿನಾಡಿನ ಕನ್ನಡಿಗರಿಗೆ ಇದು ಹೊಸದೇನಲ್ಲ ಬಿಡಿ.)

ಆದರೆ ಸೇನೆ ಎಲ್ಲಿಗೆ ಹೊರಟಿದೆ ಅಂತ ಊರಿಗೆಲ್ಲ ಸಾರುವುದು ಬೇರೆ, ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಗೆ ಅಷ್ಟು ಜನ ಸಾಯುವ ಹಾಗೆ ಭದ್ರತೆ ಹೇಗೆ ಸಡಿಲವಾಯಿತು ಅಂತ ಕೇಳುವುದು ಬೇರೆ, ಅಲ್ವಾ? ಮೊದಲನೆಯದನ್ನು ತಡೆಯುವ ಹೆಸರಲ್ಲಿ ಎರಡನೆಯದನ್ನೂ ತಡೆಯುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯುದ್ಧಕ್ಕೆ ಅಂತ ಕಿತ್ತುಕೊಂಡದ್ದನ್ನು ಯುದ್ಧ ಮುಗಿದ ಮೇಲೆ ಯಾರೂ ವಾಪಸ್ ಕೊಡುವುದಿಲ್ಲ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನಮ್ಮ ಕಾಸರಗೋಡೇ ಸಾಕು.

ಚೀನಾ ಯುದ್ಧ ಶುರುವಾದದ್ದು 1962ರ ಅಕ್ಟೋಬರ್ 20ಕ್ಕೆ. 26ಕ್ಕೆ ದೇಶದಲ್ಲಿ ತುರ್ತು ಪರಿಸ್ಥಿತಿ. ನವೆಂಬರ್ 21ಕ್ಕೆ ಚೀನಾ ತಾನಾಗಿಯೇ ಕದನವಿರಾಮ ಸಾರಿತು. ಒಂದು ತಿಂಗಳ ಯುದ್ಧ. ತುರ್ತು ಪರಿಸ್ಥಿತಿ ತೆಗೆದದ್ದು ಯಾವಾಗ ಗೊತ್ತಾ? 1968ರ ಜನವರಿ 10ಕ್ಕೆ! ಆಗ ನಮ್ಮ ಲೋಕಸಭಾ ಸದಸ್ಯರಾಗಿದ್ದವರು ಎ.ಕೆ. ಗೋಪಾಲನ್. 1957, 1962, 1967 ಹೀಗೆ ಮೂರು ಸಲ ಕಾಸರಗೋಡಿನಿಂದ ಗೆದ್ದವರು. 1964ರ ಡಿಸೆಂಬರ್ ಕೊನೆಗೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ನಾಯಕರನ್ನು ದೇಶದಾದ್ಯಂತ ಹಿಡಿದು ಜೈಲಿಗೆ ಹಾಕಿದಾಗ ಅವರನ್ನೂ ಹಾಕಿದರು. ಕಾನೂನು ಯಾವುದು? ಚೀನಾ ಯುದ್ಧಕ್ಕೆ ಅಂತ ತಂದ ಭಾರತ ರಕ್ಷಣಾ ಕಾನೂನು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಗುಂಡಿನ ಸದ್ದು ನಿಂತು ಎರಡು ವರ್ಷ ಆಗಿತ್ತು.

ಗೋಪಾಲನ್ ಅವರ ರಾಜಕೀಯ ನನಗೆ ಒಗ್ಗುವಂಥದ್ದಲ್ಲ. ನಾನಾಗಿದ್ದರೆ ಅವರಿಗೆ ಓಟು ಹಾಕುತ್ತಿರಲಿಲ್ಲ. ಆದರೆ ಓಟು ಹಾಕಿದವರ ಪಾಡೇನು? ಮಂಜೇಶ್ವರದಿಂದ ಹೊಸದುರ್ಗದವರೆಗಿನ ಜನ ದೆಹಲಿಗೆ ಕಳಿಸಿದ ಮನುಷ್ಯ ಸಂಸತ್ತಿನಲ್ಲಿ ಕೂರುವ ಬದಲು ಜೈಲಲ್ಲಿ ಕೂತಿದ್ದರು. ಅವರಿಗಾದರೂ ಹೆಸರಿತ್ತು, ಪಕ್ಷ ಇತ್ತು. ಅಸ್ಸಾಂ, ಡಾರ್ಜಿಲಿಂಗ್ ಕಡೆ ತಲೆಮಾರುಗಳಿಂದ ಬದುಕಿದ್ದ ಚೀನಾ ಮೂಲದ ಸುಮಾರು 3,000 ಜನರನ್ನು ರೈಲಿಗೆ ತುಂಬಿ ರಾಜಸ್ಥಾನದ ದೇವಳಿ ಕ್ಯಾಂಪಿಗೆ ಕಳಿಸಿದರು. ಮುದುಕರು, ಮಕ್ಕಳು ಯಾರನ್ನೂ ಬಿಡಲಿಲ್ಲ. ಕೆಲವರು ಅಲ್ಲಿ ವರ್ಷಗಟ್ಟಲೆ ಕೊಳೆತರು. ಅವರು ಮಾಡಿದ ತಪ್ಪು ಅವರ ಮುಖ, ಅಷ್ಟೇ.

1971ರಲ್ಲೂ ಅದೇ ಹಾಡು. ಡಿಸೆಂಬರ್ 3ಕ್ಕೆ ತುರ್ತು ಪರಿಸ್ಥಿತಿ, 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಗೆದ್ದ ಮೇಲಾದರೂ ತೆಗೆಯಬೇಕಿತ್ತಲ್ಲ? ತೆಗೆಯಲಿಲ್ಲ. 1975ರ ಜೂನ್ 25ಕ್ಕೆ ಇಂದಿರಾ ಗಾಂಧಿ ಅದರ ಮೇಲೆ ಇನ್ನೊಂದನ್ನು ಹೇರಿದರು, ಎರಡೂ ಹೋದದ್ದು 1977ರ ಮಾರ್ಚಿನಲ್ಲಿ. ತೋಟಕ್ಕೆ ಹಂದಿ ಬರುತ್ತದೆ ಅಂತ ತಂದ ಕೋವಿ ಹಂದಿ ಹೋದ ಮೇಲೂ ಮನೆಯಲ್ಲೇ ಇರುತ್ತದೆ, ನಾಳೆ ದಾಯಾದಿ ಜಗಳ ಆದಾಗ ಕೈಗೆ ಸಿಗುವುದೂ ಅದೇ. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದವರು ಕೋರ್ಟಿಗೆ ಹೋಗಬಹುದೇ ಅನ್ನುವ ಜಬಲ್‌ಪುರ ಪ್ರಕರಣದ ವಾದ 1976ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆಯುವಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಕೇಳಿದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಕೋರ್ಟಿಗೆ ಬರಬಹುದೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಆಗುವುದಿಲ್ಲ ಎಂದರು, ಮುಖ್ಯ ನ್ಯಾಯಮೂರ್ತಿ ಪಟ್ಟ ಕಳೆದುಕೊಂಡರು.

ಇದಾದ ಮೇಲೆ 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಬಂತು. ಈಗ ತುರ್ತು ಪರಿಸ್ಥಿತಿ ಸಾರಿದರೆ ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕು, ಮುಂದುವರಿಸಲು ಪ್ರತಿ ಆರು ತಿಂಗಳಿಗೆ ಮತ್ತೆ ಬೇಕು. ಬದುಕುವ ಹಕ್ಕನ್ನಂತೂ ಮುಟ್ಟುವಂತಿಲ್ಲ. ಒಳ್ಳೆಯ ಬೇಲಿ. ಆದರೆ ಕಾರ್ಗಿಲ್ ಯುದ್ಧದಲ್ಲೂ 2025ರಲ್ಲೂ ಯಾರೂ ತುರ್ತು ಪರಿಸ್ಥಿತಿ ಸಾರಲಿಲ್ಲ, ಅದರ ಅಗತ್ಯವೇ ಬೀಳುವುದಿಲ್ಲ. ಇಂಟರ್ನೆಟ್ಟಿನಲ್ಲಿ ಬಂದದ್ದನ್ನು ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ ಐಟಿ ಕಾಯ್ದೆಯ 69ಎ ಕಲಂ ಇದೆ. ಅದರಡಿ ಕೊಡುವ ಆದೇಶ ಗುಟ್ಟಾಗಿಯೇ ಇರಬೇಕು ಅಂತ ನಿಯಮವೇ ಇದೆ. ಸಂಸತ್ತು ಬೇಡ, ಚರ್ಚೆ ಬೇಡ.

ಆ ಮೇ ತಿಂಗಳಲ್ಲಿ ತನ್ನ ಜಾಲತಾಣದ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ಆದೇಶ ಬಂದಿದೆ, ಹೆಚ್ಚಿನವಕ್ಕೆ ಯಾವ ಪೋಸ್ಟ್ ತಪ್ಪು ಅಂತಲೂ ಹೇಳಿಲ್ಲ ಎಂದು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯೇ ತಿಳಿಸಿತು. ಅದೇ ವಾರ ಕರಾಚಿ ಬಂದರು ಧ್ವಂಸ ಅಂತ ಸುಳ್ಳು ಬೊಬ್ಬೆ ಹೊಡೆದ ಚಾನೆಲ್‌ಗಳು ಆರಾಮವಾಗಿ ಓಡುತ್ತಿದ್ದವು. ಸುಳ್ಳು ಸುದ್ದಿ ತಡೆಯುವುದೇ ಉದ್ದೇಶ ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ನಾನು ಕೇಳುವುದು ಜಾಸ್ತಿ ಏನಲ್ಲ. ತಡೆಯಿರಿ, ಆದರೆ ಆದೇಶದ ಮೇಲೆ ಕೊನೆಯ ತಾರೀಕು ಬರೆಯಿರಿ, ಯಾರನ್ನು ತಡೆದಿರೋ ಅವರಿಗೆ ಕಾರಣ ಹೇಳಿ. ಕದನವಿರಾಮ ಆದದ್ದು ಮೇ 10ಕ್ಕೆ. ಆ ಖಾತೆಗಳ ಪಟ್ಟಿ, ಒಂದೊಂದಕ್ಕೂ ಕೊಟ್ಟ ಕಾರಣ, ಎಷ್ಟನ್ನು ವಾಪಸ್ ತೆರೆದರು ಅನ್ನುವ ಲೆಕ್ಕ, ಇಷ್ಟನ್ನು ಸಂಸತ್ತಿನ ಮುಂದೆ ಇಡಲಿಕ್ಕೆ ಏನು ಅಡ್ಡಿ? ಗುಟ್ಟು ಬೇಕಿದ್ದದ್ದು ಯುದ್ಧಕ್ಕೆ ತಾನೇ?