ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಂದಿ?

ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದದ್ದು, ಗದಗದಿಂದ ಹುಬ್ಬಳ್ಳಿಗೆ ಕರೆತಂದು ತೊಡೆ ಎಲುಬಿನ ಆಪರೇಷನ್ ಮಾಡಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಒಂಬತ್ತು ರಾತ್ರಿ ಅವಳ ಕಾಟಿನ ಪಕ್ಕ ಚಾಪೆ ಹಾಸಿ ಮಲಗಿದ್ದೇನೆ. ವಾರ್ಡಿನಲ್ಲಿ 28 ಹಾಸಿಗೆ. ನಾನೇ ಎಣಿಸಿದ್ದು. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಸಿಸ್ಟರ್ ಒಬ್ಬರೇ.

ಮೊನ್ನೆ ನಡುರಾತ್ರಿ ಎರಡೂವರೆಗೆ ಎದುರಿನ ಕಾಟಿನವರ ಕಡೆಯವನು ಚೀರಾಡಲು ಶುರು ಮಾಡಿದ. "ಸಲಾಯನ್ ಮುಗಿದು ಎಷ್ಟೊತ್ತಾತು! ಪೈಪಿನಾಗ ರಕ್ತ ಏರಾಕತ್ತೈತಿ, ಕಣ್ಣು ಕಾಣಂಗಿಲ್ಲೇನು?"

"ಅಣ್ಣಾರ, ಪೈಪಿಂದು ಚಕ್ರ ತಿರುವಿ ಬಂದ್ ಮಾಡ್ರಿ. ಬಂದೆ." ಅಷ್ಟೇ ಹೇಳಿದರು ಸಿಸ್ಟರ್. ತಿರುಗಿ ನೋಡಲಿಲ್ಲ.

ಅವರು ಮೂಲೆಯ ಕಾಟಿನ ಅಜ್ಜನ ಹತ್ತಿರ ನಿಂತಿದ್ದರು. ಎದೆಯ ಮೇಲೆ ಅಂಗೈ, ಕಣ್ಣು ಗೋಡೆಯ ಗಡಿಯಾರದ ಮೇಲೆ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಉಸಿರು ಎಣಿಸುತ್ತಿದ್ದರು. ನಮ್ಮ ಕಣ್ಣಿಗೆ ಅಜ್ಜ ನಿದ್ದೆ ಮಾಡುತ್ತಿದ್ದ, ಅಷ್ಟೇ. ಪಕ್ಕದಲ್ಲೇ ಮಲಗಿದ್ದ ಮಗನಿಗೂ ಏನೂ ಗೊತ್ತಾಗಿರಲಿಲ್ಲ. ಒಂದು ನಿಮಿಷಕ್ಕೆ 34 ಉಸಿರು. ದೊಡ್ಡವರಿಗೆ 12ರಿಂದ 20 ಇರಬೇಕು. ಸಿಸ್ಟರ್ ಆಕ್ಸಿಜನ್ ಹಚ್ಚಿದರು, ಡ್ಯೂಟಿ ಡಾಕ್ಟರಿಗೆ ಎರಡು ಸಲ ಫೋನ್ ಮಾಡಿದರು. ಕಾಲು ಗಂಟೆಯೊಳಗೆ ಅಜ್ಜ ಐಸಿಯು ಸೇರಿದ. ಇವತ್ತು ಗಂಜಿ ಕುಡಿದನಂತೆ.

ಬೆಳಗ್ಗೆ ಏನಾಯಿತು ಗೊತ್ತಾ? ಚೀರಾಡಿದವನು ಕಂಪ್ಲೇಂಟ್ ಕೊಟ್ಟ. ಮೇಲಿನವರು ಬಂದು, ನಮ್ಮೆಲ್ಲರ ಎದುರಿಗೆ, ಆ ಸಿಸ್ಟರನ್ನೇ ಬೈದರು. ಹನ್ನೆರಡು ತಾಸು ನಿಂತು ಕೆಲಸ ಮಾಡಿದ ಹೆಣ್ಣುಮಗಳು ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದಲೇ ಕಣ್ಣೊರೆಸಿಕೊಂಡು ಹೋದಳು. ಒಬ್ಬರಾದರೂ ಕೇಳಿದರಾ, ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಂದಿ ಅಂತ?

ನಾವು ಆಸ್ಪತ್ರೆ ಹುಡುಕುವಾಗ ಏನೆಲ್ಲ ಕೇಳುತ್ತೇವೆ. ಡಾಕ್ಟರ್ ಯಾರು, ಎಲ್ಲಿ ಕಲಿತವರು, ಯಾವ ಮಷಿನ್ ಇದೆ, ಎಸಿ ರೂಮ್ ಸಿಗುತ್ತಾ. ಡಾಕ್ಟರ್ ದಿನಕ್ಕೆ ಎರಡು ಸಲ ರೌಂಡ್ಸಿಗೆ ಬಂದು ಹೋಗುತ್ತಾರೆ. ಉಳಿದ ಅಷ್ಟೂ ಹೊತ್ತು ರೋಗಿಯ ಜೀವ ಯಾರ ಕಣ್ಣಳತೆಯಲ್ಲಿರುತ್ತದೆ?

ಇದು ನನ್ನೊಬ್ಬನ ಸಂಕಟದ ಮಾತಲ್ಲ. ಅಮೆರಿಕದಲ್ಲಿ ಲಿಂಡಾ ಏಕನ್ ಅನ್ನುವ ನರ್ಸಿಂಗ್ ಸಂಶೋಧಕಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಆಪರೇಷನ್ ಆದ 2.3 ಲಕ್ಷಕ್ಕೂ ಹೆಚ್ಚು ರೋಗಿಗಳು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಜಾಸ್ತಿಯಾದರೆ, 30 ದಿನದೊಳಗೆ ಸಾಯುವ ಸಂಭವ ಇದ್ದದ್ದಕ್ಕಿಂತ ಶೇ. 7ರಷ್ಟು ಜಾಸ್ತಿ. 2014ರಲ್ಲಿ ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ನೋಡಿದಾಗಲೂ ಮತ್ತೆ ಅದೇ ಶೇ. 7. ಒಬ್ಬೇ ಒಬ್ಬ ರೋಗಿ ಜಾಸ್ತಿಯಾದದ್ದಕ್ಕೆ ಇಷ್ಟು. ಕ್ಯಾಲಿಫೋರ್ನಿಯಾದಲ್ಲಿ ಈ ಲೆಕ್ಕಕ್ಕೆ ಕಾನೂನೇ ಇದೆ. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ 5 ರೋಗಿಗಿಂತ ಹೆಚ್ಚು ಕೊಡುವಂತಿಲ್ಲ, ರಾತ್ರಿಯೂ ಕೂಡ. ಇಲ್ಲಿ 28!

ಕೆಲಸ ಮೈಮೇಲೆ ಬಿದ್ದಾಗ ಮೊದಲು ಬಿಟ್ಟುಹೋಗುವುದು ಯಾವುದು ಅಂತಲೂ ನೋಡಿದ್ದಾರೆ. ಇಂಜೆಕ್ಷನ್ ಅಲ್ಲ. ರೋಗಿಯ ಹತ್ತಿರ ಎರಡು ಮಾತಾಡುವುದು, ಧೈರ್ಯ ಹೇಳುವುದು, ಮಗ್ಗಲು ಬದಲಿಸುವುದು. ಬಿಟ್ಟರೂ ಕೇಸ್ ಶೀಟಿನಲ್ಲಿ ಎದ್ದು ಕಾಣದ ಕೆಲಸಗಳು.

ನಮ್ಮ ಮಾವ ಫೋನಿನಲ್ಲಿ ಅಂದರು, "ನಮ್ಮಲ್ಲಿ ಮನಿ ಮಂದಿ ಇರ್ತಾರಲ್ಲೋ, ಅಲ್ಲಿ ಹಂಗಿಲ್ಲ." ಇರುತ್ತೇವೆ ಮಾವ. ಗಂಜಿ ಕುಡಿಸುತ್ತೇವೆ, ಕಾಲು ಒತ್ತುತ್ತೇವೆ, ಮೆಡಿಕಲ್ ಶಾಪಿಗೆ ಓಡುತ್ತೇವೆ. ಅಜ್ಜನ ಮಗನೂ ಒಂದು ಮೊಳ ದೂರದಲ್ಲೇ ಇದ್ದನಲ್ಲ. ಅವನಿಗೆ ಉಸಿರು ಎಣಿಸಬೇಕು ಅಂತ ಯಾರು ಕಲಿಸಿದ್ದರು? ಕೆಲವು ಸಿಸ್ಟರ್‌ಗಳು ಸಿಡುಕುತ್ತಾರೆ ಅನ್ನುವವರೂ ಇದ್ದಾರೆ. ಸಿಡುಕುತ್ತಾರೆ, ನಿಜ. 28 ಮಂದಿಯನ್ನು ಒಬ್ಬರೇ ನೋಡಿಕೊಂಡು ಒಂದು ರಾತ್ರಿ ಕಳೆಯಿರಿ, ಆಮೇಲೆ ಮಾತಾಡೋಣ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅಪ್ಪ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಅವರ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಿತ್ತು. ನಾನು ಒಬ್ಬ ಸಿಸ್ಟರ್ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದ್ದೆ. ಚಿಕ್ಕ ಹುಡುಗಿ. ತಲೆ ತಗ್ಗಿಸಿ "ಸಾರಿ ರೀ" ಅಂದಿದ್ದಳು. ಆ ರಾತ್ರಿ ಅವಳ ಪಾಲಿಗೆ ಎಷ್ಟು ಮಂದಿ ಇದ್ದರೋ, ನಾನು ಕೇಳಲಿಲ್ಲ. ಈ ಒಂಬತ್ತು ರಾತ್ರಿಯೂ ಅವಳ ಮುಖ ಕಣ್ಣ ಮುಂದೆ ಬಂದಿದೆ.

ಅವ್ವನಿಗೆ ಹುಣ್ಣಾಗಲಿಲ್ಲ. ಯಾಕೆಂದರೆ ಈ ಸಿಸ್ಟರ್ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಎರಡು ಕಾಲಿನ ನಡುವೆ ದಿಂಬು ಇಟ್ಟು ಹೇಗೆ ಹೊರಳಿಸಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಹೇಗೆ ಎತ್ತಿಡಬೇಕು, ಚರ್ಮ ಕೆಂಪಾದ ಕಡೆ ಯಾಕೆ ತಿಕ್ಕಬಾರದು, ಎಲ್ಲ ತೋರಿಸಿದರು. ಎರಡು ತಾಸಿಗೊಮ್ಮೆ. ಮರೆತರೆ ಅವರೇ ಹಾದುಹೋಗುತ್ತಾ ಭುಜ ತಟ್ಟಿ ಎಬ್ಬಿಸುತ್ತಿದ್ದರು.

ಇವತ್ತು ಡಿಸ್ಚಾರ್ಜ್. ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಅಂತ ಒಂದು ಸಾಲು ಇತ್ತು. ಕೌಂಟರಿನ ಹುಡುಗನನ್ನು ಕೇಳಿದೆ, "ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಮಂದಿ ಅಂತ ನಿಮ್ಮಲ್ಲಿ ಲೆಕ್ಕ ಇದೆಯೇನಪ್ಪಾ?" ಅವನು ಮುಖ ನೋಡಿದ. "ಇದನ್ನ ಯಾರೂ ಕೇಳಿಲ್ರಿ ಸರ್" ಅಂದ. ಮೇಲೆ ಫೋನ್ ಮಾಡಿದ. ಆಮೇಲೆ ಹೇಳುತ್ತಾರಂತೆ.

ಅವ್ವನ ಹೊಲಿಗೆ ಬಿಚ್ಚಿಸಲು ಮುಂದಿನ ಗುರುವಾರ ಮತ್ತೆ ಹೋಗಬೇಕು. ಅದೇ ಕೌಂಟರಿನಲ್ಲಿ ನಿಂತು ಮತ್ತೆ ಕೇಳುತ್ತೇನೆ.