ಹಿಟ್ಟಿನಲ್ಲಿ ಧಾನ್ಯ ಕಂಡವರಿಗೆ ಬಹುಮಾನ

ಡಬ್ಬಿಯ ಮುಖದ ಮೇಲೆ ದಪ್ಪಕ್ಷರದಲ್ಲಿ ‘ವೀಗನ್’, ಅಂದರೆ ಹಾಲು-ಬೆಣ್ಣೆಯೂ ಸೇರಿ ಪ್ರಾಣಿಮೂಲದ್ದು ಏನೂ ಇಲ್ಲದ್ದು. ಕೆಳಗೆ ‘ಹೋಲ್ ಗ್ರೇನ್ ವಾಫಲ್ ಮಿಕ್ಸ್’. ವಾಫಲ್ ಎಂದರೆ ಎರಡು ಬಿಸಿ ತಟ್ಟೆಗಳ ನಡುವೆ ಬೇಯುವ, ಚೌಕುಳಿ ಗೆರೆಯ ದಪ್ಪ ದೋಸೆ. ಪಕ್ಕದಲ್ಲಿ ಬಾಗಿದ ಗೋಧಿ ತೆನೆ, ಎರಡು ರಾಗಿ ತೆನೆ, ಹಿಂದೆ ಸೂರ್ಯೋದಯ. ಡಬ್ಬಿ ತಿರುಗಿಸಿದರೆ ಮಾಡುವ ವಿಧಾನ: ‘ಒಂದು ಕಪ್ ಹಾಲು, ಎರಡು ಚಮಚ ಕರಗಿಸಿದ ಬೆಣ್ಣೆ ಸೇರಿಸಿ.’ ತಪ್ಪೇನಿಲ್ಲ ಬಿಡಿ. ಡಬ್ಬಿಯೊಳಗೆ ಇರುವಷ್ಟು ಹೊತ್ತು ಅದು ವೀಗನ್ನೇ. ಮಡಿ ಕೆಡಿಸಿದ್ದು ನೀವು, ನಿಮ್ಮ ಅಡುಗೆಮನೆಯಲ್ಲಿ. ಈ ನ್ಯಾಯದ ಪ್ರಕಾರ ಉಪ್ಪಿನ ಪೊಟ್ಟಣವೂ ವೀಗನ್, ಸಿಮೆಂಟ್ ಮೂಟೆಯೂ ವೀಗನ್. ಸಿಮೆಂಟಿನವರಿಗೆ ಇನ್ನೂ ಹೊಳೆದಿಲ್ಲ, ಅಷ್ಟೆ.

ಇನ್ನು ಹೋಲ್ ಗ್ರೇನ್, ಅಂದರೆ ಇಡೀ ಕಾಳು. ನಮ್ಮ ದೇಶದ ಲೇಬಲ್ ನಿಯಮ ಇದರಲ್ಲಿ ಬಹಳ ಸ್ಪಷ್ಟ. ಯಾವ ಪದಾರ್ಥದ ತೂಕ ಹೆಚ್ಚೋ ಅದು ಮೊದಲು, ಕಡಿಮೆಯದು ಕೊನೆಗೆ. ಮುಖದ ಮೇಲೆ ಹೆಸರನ್ನೋ ಚಿತ್ರವನ್ನೋ ಹಾಕಿ ಮೆರೆಸಿದ ಪದಾರ್ಥ ಶೇಕಡ ಎಷ್ಟಿದೆ ಎಂಬುದನ್ನೂ ಬರೆಯಬೇಕು. ಬರೆಯುತ್ತಾರೆ, ಪ್ರಾಮಾಣಿಕರೇ. ಮೊದಲ ಹೆಸರು ‘ಸಂಸ್ಕರಿಸಿದ ಗೋಧಿ ಹಿಟ್ಟು’, ಅಂದರೆ ಸಾಕ್ಷಾತ್ ಮೈದಾ ಮಹಾಪ್ರಭು. ಎರಡನೆಯದು ಸಕ್ಕರೆ. ರಾಗಿಯೂ ಓಟ್ಸೂ ಉಪ್ಪಿನ ಹತ್ತಿರ ಎಲ್ಲೋ ಮುದುಡಿ ಕೂತಿರುತ್ತವೆ, ಪಕ್ಕದಲ್ಲೊಂದು ಒಂಟಿ ಅಂಕಿ. ಮುಂಭಾಗದಲ್ಲಿ ತೆನೆಗೆ ಸಿಕ್ಕ ಜಾಗದ ಹತ್ತನೇ ಒಂದು ಪಾಲು ಡಬ್ಬಿಯ ಒಳಗೂ ಸಿಕ್ಕಿದ್ದರೆ ಈ ಅಂಕಣ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಮೈದಾ ಬೆಳ್ಳಗಿರುತ್ತದಲ್ಲ, ಗುಟ್ಟು ಬಯಲಾಗುವುದಿಲ್ಲವೇ ಎಂದು ಕೇಳಬೇಡಿ. ಪಟ್ಟಿಯ ಬಾಲದಲ್ಲಿ ಐಎನ್‌ಎಸ್ 150 ಎಂದು ಇದ್ದರೆ ನಮಸ್ಕಾರ ಮಾಡಿ. ಅದು ಕ್ಯಾರಮೆಲ್ ಬಣ್ಣ. ಹೊಟ್ಟು ಕೊಡಬೇಕಾಗಿದ್ದ ಕಂದು ಬಣ್ಣವನ್ನು ಅದು ಚಿಟಿಕೆಯಲ್ಲಿ ಕೊಡುತ್ತದೆ.

ಅಂಗಡಿಯ ಕೌಂಟರಿನಲ್ಲಿ ನಡೆಯುವ ಮಾತು ಇಷ್ಟು:

‘ಇದು ಹೋಲ್ ಗ್ರೇನಾ?’

‘ಮಲ್ಟಿಗ್ರೇನ್ ಸಾರ್.’

‘ಯಾವ್ಯಾವ ಗ್ರೇನು?’

‘ಎಲ್ಲಾ ಗ್ರೇನೂ ಸಾರ್.’

ಹೊಟ್ಟು, ಮೊಳಕೆ, ತಿರುಳು ಮೂರೂ ಇರುವ ಇಡೀ ಕಾಳಿನ ಹಿಟ್ಟು ಹೋಲ್ ಗ್ರೇನ್. ಮಲ್ಟಿಗ್ರೇನ್ ಎಂದರೆ ಧಾನ್ಯಗಳ ಸಂಖ್ಯೆ ಒಂದಕ್ಕಿಂತ ಹೆಚ್ಚು ಎಂದಷ್ಟೇ. ಏಳು ಧಾನ್ಯದ ಹೊಟ್ಟನ್ನೂ ಬೋಳಿಸಿ ಬೆರೆಸಿದರೂ ಅದು ಮಲ್ಟಿಗ್ರೇನೇ. ಪಾಪ, ಆ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಟ್ಟರೆ ವ್ಯಾಪಾರ ಆಗುವುದಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರವನ್ನು ಮಾತ್ರ ಹೊಗಳಲೇಬೇಕು. 2022ರಲ್ಲಿ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ತಂದಿತು, ಹಸಿರು ‘ವಿ’ ಗುರುತನ್ನೂ ಕೊಟ್ಟಿತು. ಒಳ್ಳೆಯ ಕೆಲಸವೇ, ಏಕೆಂದರೆ ಹಳೆಯ ಹಸಿರು ಚುಕ್ಕಿಯೊಳಗೆ ಹಾಲು, ತುಪ್ಪ, ಜೇನು ಎಲ್ಲವೂ ನೆಮ್ಮದಿಯಾಗಿದ್ದವು. ಇದೇ ಪ್ರಾಧಿಕಾರ 2024ರ ಆಗಸ್ಟ್ 21ರಂದು ಹಾಲಿನ ಪ್ರೊಟೀನ್ ಯಾವ ಬಗೆಯದೆಂದು ಹೇಳುವ ‘ಎ1, ಎ2’ ಲೇಬಲ್ ಕಿತ್ತುಹಾಕಿ ಎಂದಿತು, 26ರಂದು ಕೀಳಬೇಡಿ ಎಂದಿತು. ಐದೇ ದಿನ. ದೋಸೆ ಹಿಟ್ಟಾದರೂ ಹುಳಿ ಬಂದಮೇಲೆ ಹಿಂದಕ್ಕೆ ಹೋಗುವುದಿಲ್ಲ.

ಹಿಟ್ಟಿನ ಮಾತು ಬಂತು, ಸ್ವಲ್ಪ ಅಡ್ಡದಾರಿ ಹಿಡಿಯೋಣ. ಈ ದೇಶದಲ್ಲಿ ಹಿಟ್ಟಿಗೂ ತೆರಿಗೆಗೂ ಇರುವ ಸಂಬಂಧ ಬಿಡಿಸಲು ದೊಡ್ಡ ಪಂಡಿತರೇ ಬೇಕು. 2020ರಲ್ಲಿ ನಮ್ಮದೇ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಪ್ಯಾಕೆಟ್ಟಿನ ಪರೋಟ ರೊಟ್ಟಿಯಲ್ಲ ಎಂದು ತೀರ್ಪಿತ್ತಿತು. ತಿನ್ನುವ ಮೊದಲು ಬಿಸಿ ಮಾಡಬೇಕಲ್ಲ, ಹಾಗಾಗಿ ರೊಟ್ಟಿಗೆ ಶೇ. 5, ಪರೋಟಕ್ಕೆ ಶೇ. 18. ರುಬ್ಬಿದ ಇಡ್ಲಿ-ದೋಸೆ ಹಿಟ್ಟಿಗೆ ಶೇ. 5 ಇದ್ದ ಕಾಲದಲ್ಲೇ ಗುಜರಾತಿನಲ್ಲಿ ದೋಸೆಯ ಒಣ ಮಿಕ್ಸ್ ಪುಡಿಗೆ ಶೇ. 18 ಎಂದು ತೀರ್ಪಾಯಿತು. ನಡುವಿನ ಶೇ. 13 ಬರೀ ನೀರಿನ ಪುಣ್ಯ. ವಾಫಲ್ಲಿಗಂತೂ 2017ರ ಜುಲೈಯಲ್ಲಿ ಜಿಎಸ್‌ಟಿ ಹುಟ್ಟಿದ ದಿನವೇ ಎರಡು ಮನೆ ಕಟ್ಟಿಕೊಟ್ಟಿದ್ದರು. ಮೈಮೇಲೆ ಚಾಕೊಲೇಟ್ ಇದ್ದರೆ ಶೇ. 28, ಇಲ್ಲದಿದ್ದರೆ ಶೇ. 18. ದೆಹಲಿಯಲ್ಲಿ ಕೂತು ವಾಫಲ್ ಎತ್ತಿ, ತಿರುಗಿಸಿ, ಚಾಕೊಲೇಟ್ ಎಲ್ಲಿದೆ ಎಂದು ಇಣುಕಿದ ಆ ಅಧಿಕಾರಿ ಯಾರೋ, ಅವರಿಗೆ ಪ್ರಣಾಮ. ಆ ವರ್ಷ ಮುಗಿಯುವುದರೊಳಗೆ ಎರಡೂ ಒಂದೇ ದರಕ್ಕೆ ಬಂದವು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಪರೋಟ ಮತ್ತು ‘ಯಾವುದೇ ಹೆಸರಿನಿಂದ ಕರೆಯಲಾಗುವ’ ಭಾರತೀಯ ರೊಟ್ಟಿಗಳಿಗೆ ತೆರಿಗೆಯೇ ಇಲ್ಲ. ಪರೋಟವೂ ರೊಟ್ಟಿಯ ಪಂಕ್ತಿಯಲ್ಲಿ ಕೂರಬಹುದು ಎಂದು ಒಪ್ಪಿಕೊಳ್ಳಲು ಐದು ವರ್ಷ ಬೇಕಾಯಿತು.

ಸರಿ, ಮನೆಯಲ್ಲೇ ಮಾಡಿ. ನಾಲ್ಕು ದೊಡ್ಡ ವಾಫಲ್ಲಿಗೆ ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟು 130 ಗ್ರಾಂ, ರಾಗಿ ಹಿಟ್ಟು 40 ಗ್ರಾಂ, ಮಿಕ್ಸಿಯಲ್ಲಿ ಪುಡಿ ಮಾಡಿದ ಓಟ್ಸ್ 30 ಗ್ರಾಂ. ಬೇಕಿಂಗ್ ಪೌಡರ್ ಎರಡು ಟೀ ಚಮಚ, ಅಡುಗೆ ಸೋಡಾ ಕಾಲು, ಉಪ್ಪು ಅರ್ಧ, ಬೆಲ್ಲದ ಪುಡಿ ಒಂದು ದೊಡ್ಡ ಚಮಚ. ಇನ್ನೊಂದು ಪಾತ್ರೆಯಲ್ಲಿ 300 ಮಿ.ಲೀ. ಸಿಹಿಯಿಲ್ಲದ ಸೋಯಾ ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ. ಒಡೆದಂತಾಗುತ್ತದೆ, ಆಗಲಿ, ಆ ಹುಳಿಯೇ ಸೋಡಾವನ್ನು ಎಬ್ಬಿಸುವುದು. ಒಂದು ದೊಡ್ಡ ಚಮಚ ಅಗಸೆ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾದ ಮೇಲೆ ಇದಕ್ಕೆ ಸೇರಿಸಿ. ಎಣ್ಣೆ ಮೂರು ದೊಡ್ಡ ಚಮಚ. ಇದರಲ್ಲಿ ಜಿಪುಣತನ ಬೇಡ. ‘ಆಯಿಲ್ ಫ್ರೀ ವಾಫಲ್’ ಎಂದು ಬೋಧಿಸುವವರ ವಾಫಲ್ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನ ತಟ್ಟೆಗೆ ಅಂಟಿಕೊಂಡು ಸೀಳಿಹೋಗುವುದನ್ನು ಅವರ ವಿಡಿಯೊ ತೋರಿಸುವುದಿಲ್ಲ.

ಒಣದಕ್ಕೆ ಹಸಿದನ್ನು ಸುರಿದು ಹತ್ತು ಹನ್ನೆರಡು ಸುತ್ತು ತಿರುಗಿಸಿ, ನಿಲ್ಲಿಸಿ. ಸಣ್ಣ ಗಂಟುಗಳು ಉಳಿದರೆ ಉಳಿಯಲಿ. ಕೈ ಸೋಲುವ ತನಕ ಕಲಸಿದರೆ ಗೋಧಿಯ ಅಂಟು ಬಲಿತು ವಾಫಲ್ ರಬ್ಬರಾಗುತ್ತದೆ. ಆಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಹೊಟ್ಟು ನೀರು ಕುಡಿಯಬೇಕು, ರಾಗಿಯ ಮರಳು ಮರಳು ಅಡಗಬೇಕು. ಅರ್ಧ ಗಂಟೆ ಮೀರಿ ಬಿಟ್ಟರೆ ಎದ್ದ ಗಾಳಿಯೆಲ್ಲ ಹೋಗುತ್ತದೆ. ಹದ ಇಡ್ಲಿ ಹಿಟ್ಟಿಗಿಂತ ತುಸು ಸಡಿಲ, ದೋಸೆ ಹಿಟ್ಟಿಗಿಂತ ಗಟ್ಟಿ. ನಮ್ಮ ಚಕ್ಕಿ ಹಿಟ್ಟು ವಿದೇಶಿ ಹಿಟ್ಟಿಗಿಂತ ಹೆಚ್ಚು ನೀರು ಎಳೆಯುತ್ತದೆ. ಕಲ್ಲಿನ ಒತ್ತಡಕ್ಕೆ ಪಿಷ್ಟದ ಕಣಗಳು ಒಡೆದಿರುವುದೇ ಕಾರಣ. ಹಾಗಾಗಿ ಅಮೆರಿಕದ ಅಳತೆಯನ್ನು ಹಾಗೆಯೇ ಇಳಿಸಿಕೊಂಡರೆ ಸಿಗುವುದು ಚಪಾತಿ ಹಿಟ್ಟಿನ ತಮ್ಮ.

ಮೊಟ್ಟೆಯ ಜಾಗದಲ್ಲಿ ಅಗಸೆ ಕೂತರೂ ಅದು ಮಾಡುವುದು ಹಿಡಿದಿಡುವ ಕೆಲಸ ಮಾತ್ರ. ಉಬ್ಬಿಸುವುದು ಅದರಿಂದಾಗದು. ಆ ಭಾರವೆಲ್ಲ ಬೇಕಿಂಗ್ ಪೌಡರಿನ ತಲೆ ಮೇಲೆ, ಅದೋ ಕಳೆದ ಕ್ರಿಸ್‌ಮಸ್ ಕೇಕಿಗೆ ತಂದು ಮುಚ್ಚಳ ಸಡಿಲ ಬಿಟ್ಟಿದ್ದು. ಅರ್ಧ ಚಮಚ ಪುಡಿಗೆ ಬಿಸಿನೀರು ಹಾಕಿ ನೋಡಿ. ಜೋರಾಗಿ ನೊರೆಯದಿದ್ದರೆ ಎಸೆಯಿರಿ. ಅಗಸೆಯ ಬದಲು ಬಾಳೆಹಣ್ಣು ಎನ್ನುವವರೂ ಇದ್ದಾರೆ. ಹಣ್ಣಿನ ಸಕ್ಕರೆ ಹೊರಗೆ ಬೇಗ ಕಪ್ಪಾಗಿಸುತ್ತದೆ, ಒಳಗೆ ಮೆತ್ತಗೆ ಉಳಿಸುತ್ತದೆ, ತಟ್ಟೆಗೆ ಗೋಂದು ಹಚ್ಚುತ್ತದೆ. ಸೋಯಾ ಬೇಡ, ಬಾದಾಮಿ ಹಾಲು ಎಂದರೆ, ಪೆಟ್ಟಿಗೆಯ ಬಾದಾಮಿ ಹಾಲಿನಲ್ಲಿ ಇರುವುದು ಬಹುಪಾಲು ನೀರು. ಪ್ರೊಟೀನ್ ಕಡಿಮೆ, ಕೆಂಪಾಗುವುದೂ ಕಡಿಮೆ. ತೆಂಗಿನ ಹಾಲಾದರೆ ಎರಡನೇ ಹಾಲು ಹಾಕಿ. ಮೊದಲ ಹಾಲೇ ಆಗಬೇಕೆಂದರೆ ಎಣ್ಣೆ ಒಂದು ಚಮಚ ಇಳಿಸಿ.

ಇಲ್ಲಿ ರಾಗಿ ಅಭಿಮಾನಿಗಳು ಎದ್ದು ನಿಲ್ಲುತ್ತಾರೆ. ಗೋಧಿ ಯಾಕೆ, ನೂರಕ್ಕೆ ನೂರು ರಾಗಿ ಹಾಕಿ ಎಂದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗಿನಿಂದ ಈ ಉತ್ಸಾಹ ಇಳಿದಿಲ್ಲ. ಹಾಕಿ, ನೋಡಿ. ರಾಗಿಯಲ್ಲಿ ಅಂಟಿಲ್ಲ, ಗಾಳಿ ಹಿಡಿಯಲು ಬಲೆಯೇ ಇಲ್ಲ. ಬಿಸಿಯಿದ್ದಾಗ ಉದುರುತ್ತದೆ, ಆರಿದರೆ ಮಂಗಳೂರು ಹೆಂಚಾಗುತ್ತದೆ, ಗೆರೆಗಳೂ ಸರಿಯಾಗಿಯೇ ಬಿದ್ದಿರುತ್ತವೆ. ಹಿಟ್ಟಿನ ಐದನೇ ಒಂದು ಪಾಲು ರಾಗಿ ಸಾಕು, ನಾಲ್ಕನೇ ಒಂದು ಪಾಲು ಗಡಿ.

ಯಂತ್ರದ ವಿಷಯಕ್ಕೆ ಬಂದರೆ, ಅದರ ಹಸಿರು ದೀಪ ಸುಳ್ಳು ಹೇಳುತ್ತದೆ. 750 ವ್ಯಾಟಿನ ಅಗ್ಗದ ಯಂತ್ರಗಳಲ್ಲಿ ದೀಪ ಹತ್ತಿದ ಮೇಲೂ ತಟ್ಟೆಯ ಅಂಚು ತಣ್ಣಗಿರುತ್ತದೆ. ಇನ್ನೂ ಐದು ನಿಮಿಷ ಕಾಯಿರಿ. ಕರಾವಳಿಯ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಕೊಕ್ಕಿಸಾಂ ಎಂಬ ಹೂವಿನಾಕಾರದ ಕರಿದ ತಿಂಡಿ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ. ಹೂವಿನ ಅಚ್ಚನ್ನು ಕಾದ ಎಣ್ಣೆಯಲ್ಲಿ ಚೆನ್ನಾಗಿ ಬಿಸಿ ಮಾಡದೆ ಹಿಟ್ಟಿಗೆ ಅದ್ದಿದರೆ ಹಿಟ್ಟು ಅಚ್ಚನ್ನು ಬಿಡುವುದೇ ಇಲ್ಲ. ಅಚ್ಚನ್ನು ಅಂಚಿನವರೆಗೆ ಮುಳುಗಿಸಬಾರದು, ಮುಕ್ಕಾಲು ಭಾಗ ಮಾತ್ರ. ವಾಫಲ್ ಯಂತ್ರದ ಮಾಲೀಕರೂ ತಟ್ಟೆಯ ಮುಕ್ಕಾಲು ತುಂಬಿಸಿ ಸುಮ್ಮನಾಗಬೇಕು. ಮುಚ್ಚಿದ ಮೇಲೆ ನಾಲ್ಕು ನಿಮಿಷ ತೆರೆಯಬೇಡಿ. ಇಣುಕುವ ಚಟದವರ ವಾಫಲ್ಲೇ ನಡುವೆ ಸೀಳುವುದು. ಪಕ್ಕದಿಂದ ಬರುವ ಆವಿ ನಿಂತಿತೇ ನೋಡಿ. ಮೊಟ್ಟೆಯಿಲ್ಲದ ಇಡೀ ಗೋಧಿಯ ವಾಫಲ್ಲಿಗೆ ಐದಾರು ನಿಮಿಷ ಬೇಕೇ ಬೇಕು. ಮುಚ್ಚಳ ಎಳೆದರೆ ತಡೆಯುತ್ತಿದೆಯೇ, ಇನ್ನೊಂದು ನಿಮಿಷ ಬಿಡಿ. ಸ್ಪ್ರೇ ಎಣ್ಣೆ ಬೇಡ, ಅದರಲ್ಲಿರುವ ಲೆಸಿಥಿನ್ ಸುಟ್ಟು ಅಂಟಾಗಿ ನಾನ್‌ಸ್ಟಿಕ್ ಪದರದ ಮೇಲೆ ಕೂರುತ್ತದೆ. ಬ್ರಶ್ಶಿನಲ್ಲಿ ಕಡಲೆಕಾಯಿ ಎಣ್ಣೆ ಸವರಿದರೆ ಸಾಕು. ತೆಗೆದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ. ತನ್ನ ಆವಿಯಲ್ಲೇ ಬೆವೆತು ಮೆತ್ತಗಾಗುತ್ತದೆ. ತಂತಿ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಿ.

ಈಗ ಲೆಕ್ಕ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಮೇಲಿನ ನಾಲ್ಕು ವಾಫಲ್ಲಿಗೆ ಹಾಕಿದ 40 ಗ್ರಾಂ ರಾಗಿಗೆ ಅದರಂತೆ 1 ರೂಪಾಯಿ 95 ಪೈಸೆ. ಒಂದಕ್ಕೆ ಐವತ್ತು ಪೈಸೆಯೂ ಇಲ್ಲ. ಮಾಲ್‌ನಲ್ಲಿ ‘ರಾಗಿ ವಾಫಲ್’ ಎಂದು ಒಂದಕ್ಕೆ ಇನ್ನೂರು, ಮುನ್ನೂರು ರೂಪಾಯಿ ಎಣಿಸುತ್ತಾರೆ. ಬಾಡಿಗೆ, ಸಂಬಳ, ಕರೆಂಟು, ಚಾಕೊಲೇಟು ಎಲ್ಲ ಇದೆ, ಗೊತ್ತು. ನಗಬೇಕೆಂದೇ ಕೂತವರಿಗೂ ಇಲ್ಲಿ ನಗು ಬರುವುದಿಲ್ಲ. ಬೆಂಬಲ ಬೆಲೆಗೆ ರಾಗಿ ಮಾರಲು ಹೆಸರು ನೋಂದಾಯಿಸಿ, ದಾಖಲೆ ಹೊಂದಿಸಿ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ಕಾಯಬೇಕು. ಚೀಲ ತುಂಬಿಸಿ ಕೊಟ್ಟ ಮೇಲೆ ಹಣಕ್ಕೂ ಕಾಯಬೇಕು. ಆ ರಾಗಿಯ ಹೆಸರು ಹೇಳಿ, ಅದರ ತೆನೆಯ ಚಿತ್ರ ಹಾಕಿ, ಒಳಗೆ ಮೈದಾ ತುಂಬಿಸಿ ಮಾರುತ್ತಾರೆ. ರಾಗಿಯನ್ನೇ ತುಂಬಿಸಿದರೆ ಅವರಿಗೆ ಎಷ್ಟು ನಷ್ಟವಾಗುತ್ತಿತ್ತು? ಒಂದಕ್ಕೆ ಎರಡು ರೂಪಾಯಿ? ಅಷ್ಟೂ ಬಿಡಲಿಕ್ಕೆ ಮನಸ್ಸಿಲ್ಲ. ಸಾಕಾಗಿದೆ ಈ ತೆನೆಯ ಚಿತ್ರ.

ಉಳಿದದ್ದನ್ನು ಪೂರ್ತಿ ಆರಿಸಿ, ನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿಗೆ ಹಾಕಿ. ಹೆಸರಷ್ಟೇ ಬೆಣ್ಣೆ ಕಾಗದ, ವೀಗನ್ನರು ಗಾಬರಿಯಾಗಬೇಡಿ. ಒಂದು ತಿಂಗಳಿಗೆ ಮೋಸವಿಲ್ಲ. ಫ್ರೀಜರಿನಿಂದ ನೇರ ಟೋಸ್ಟರಿಗೆ ಹೋಗಲಿ, ಮೈಕ್ರೊವೇವ್ ಬೇಡ. ಮೇಲೆ ಸುರಿಯಲು ಕೆನಡಾದ ಮೇಪಲ್ ಸಿರಪ್ಪೇ ಬೇಕೆಂದಿಲ್ಲ, ಮಲೆನಾಡಿನ ಜೋನಿಬೆಲ್ಲ ಇದ್ದರೆ ಸಾಕು. ತಟ್ಟೆಗೆ ಬಂದ ಮೇಲೆ ಸುರಿಯಿರಿ, ಫೋಟೊ ತೆಗೆಯುತ್ತ ಕೂತರೆ ಐದು ನಿಮಿಷದಲ್ಲಿ ಗರಿಗರಿ ಹೋಗಿ ಒದ್ದೆಯಾಗಿರುತ್ತದೆ.